ಸಾಕೆಟ್ ಸರ್ವರ್ ಫಝ್ ಮಾಡಲು ಪ್ರೀಲೋಡ್ ಲೈಬ್ರರಿ: ಬಳಸಿದವರು ಅನುಭವ ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ಬರೆದ ಹಳೆಯ ಟಿಸಿಪಿ ಸರ್ವರ್ ಒಂದನ್ನು ಎಎಫ್‌ಎಲ್++ ಎಂಬ ಫಝರ್ ಇಟ್ಟುಕೊಂಡು ಫಝ್ ಮಾಡಬೇಕಾಗಿದೆ, ಅಂದರೆ ಬಗೆಬಗೆಯ ಇನ್‌ಪುಟ್ ಸತತವಾಗಿ ಕೊಟ್ಟು ಎಲ್ಲಿ ಬೀಳುತ್ತದೆ ನೋಡಬೇಕು. ಎಎಫ್‌ಎಲ್ ಇನ್‌ಪುಟ್ ಕೊಡುವುದು ಫೈಲ್ ಅಥವಾ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ, ನಮ್ಮ ಸರ್ವರ್ ಓದುವುದು ಸಾಕೆಟ್‌ನಿಂದ (ನೆಟ್‌ವರ್ಕ್ ಕನೆಕ್ಷನ್‌ನ ತುದಿ). ಸೋರ್ಸ್ ಮುಟ್ಟಲು ತಂಡದವರು ಒಪ್ಪುತ್ತಿಲ್ಲ. ಅದಕ್ಕೇ ಸಾಕೆಟ್ ಕರೆಗಳನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ತಿರುಗಿಸುವ ಸಣ್ಣ ಲೈಬ್ರರಿಯೊಂದನ್ನು ಎಲ್‌ಡಿ_ಪ್ರೀಲೋಡ್‌ನಲ್ಲಿ (ಬೇರೆ ಲೈಬ್ರರಿಗಳಿಗಿಂತ ಮೊದಲು ನಮ್ಮದನ್ನು ಲೋಡ್ ಮಾಡಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್) ಕೊಟ್ಟೆ. ಫಝರ್ ಓಡುತ್ತಿದೆ, ಆದರೆ ಹೊಸ ಪಾತ್ (ಕೋಡ್ ಒಳಗಿನ ಹೊಸ ದಾರಿ) ಒಂದೂ ಸಿಗುತ್ತಿಲ್ಲ. ಎಲ್ಲಿ ನೋಡಬೇಕು?

ಫರ್ಮ್‌ವೇರ್ ಟೆಸ್ಟಿಂಗ್‌ನಲ್ಲಿರುವವರು:
ಮೊದಲು ಹುಕ್ (ಅಸಲಿ ಫಂಕ್ಷನ್ ಬದಲು ಓಡುವ ನಿಮ್ಮ ಫಂಕ್ಷನ್) ನಿಜವಾಗಿ ಕೂತಿದೆಯಾ ನೋಡಿ ಸರ್. ಪ್ರೀಲೋಡ್ ಕೈಕೊಟ್ಟರೂ ಪ್ರೋಗ್ರಾಂ ನಿಲ್ಲುವುದಿಲ್ಲ. ಲೈಬ್ರರಿಯ ಫೈಲ್ ಪಾತ್ ತಪ್ಪಿದ್ದರೆ, ಅಥವಾ 64 ಬಿಟ್ ಪ್ರೋಗ್ರಾಂಗೆ 32 ಬಿಟ್ ಲೈಬ್ರರಿ ಕೊಟ್ಟಿದ್ದರೆ, ಓಡುವಾಗ ಲೈಬ್ರರಿಗಳನ್ನು ಜೋಡಿಸುವ ಡೈನಮಿಕ್ ಲಿಂಕರ್ ಒಂದು ಸಾಲು ಎಚ್ಚರಿಕೆ ಬರೆದು ಮುಂದೆ ಹೋಗಿಬಿಡುತ್ತದೆ. ಫಝರ್ ಅಡಿಯಲ್ಲಿ ಓಡುವಾಗ ಆ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳನ್ನು ಮೊದಲೇ ಒಳಗೆ ಸೇರಿಸಿ ಲಿಂಕ್ ಮಾಡಿದ ಬೈನರಿಯಲ್ಲಂತೂ ಡೈನಮಿಕ್ ಲಿಂಕರ್ ಕೆಲಸಕ್ಕೇ ಬರುವುದಿಲ್ಲ, ಹಾಗಾಗಿ ಎಚ್ಚರಿಕೆಯೂ ಇರುವುದಿಲ್ಲ.

ಆದ್ದರಿಂದ ಫಝರ್ ಬಿಟ್ಟು, ಕೈಯಿಂದಲೇ ಒಮ್ಮೆ ಓಡಿಸಿ. ಎಲ್‌ಡಿ_ಡೀಬಗ್ ಎಂಬ ವೇರಿಯಬಲ್‌ಗೆ 'ಬೈಂಡಿಂಗ್ಸ್' ಅಂತ ಬೆಲೆ ಕೊಟ್ಟರೆ ಪ್ರತಿ ಫಂಕ್ಷನ್ ಹೆಸರು ಯಾವ ಲೈಬ್ರರಿಗೆ ಹೋಗಿ ಸೇರಿತು ಅನ್ನುವುದು ಸಾಲುಸಾಲಾಗಿ ಬರುತ್ತದೆ. ಅಲ್ಲಿ ಕನೆಕ್ಷನ್ ಸ್ವೀಕರಿಸುವ ಆಕ್ಸೆಪ್ಟ್ ನಿಮ್ಮ ಲೈಬ್ರರಿಯ ಕಡೆ ತೋರಿಸುತ್ತಿದೆಯಾ, ಸಿ ಭಾಷೆಯ ಮೂಲ ಲೈಬ್ರರಿ ಲಿಬ್‌ಸಿ ಕಡೆಯಾ, ನೋಡಿ. ಹೆಸರಿನ ಪೂರ್ತಿ ಅಕ್ಷರಗಳನ್ನು ಗಮನಿಸಿ. ನಿಮ್ಮ ಸರ್ವರ್ ಆಕ್ಸೆಪ್ಟ್4 ಕರೆಯುತ್ತಿದ್ದು ಲೈಬ್ರರಿಯಲ್ಲಿ ಬರೀ ಆಕ್ಸೆಪ್ಟ್ ಇದ್ದರೆ ಅದು ಸಿಕ್ಕುವುದಿಲ್ಲ. ಫೋರ್ಟಿಫೈ ಸೋರ್ಸ್ (ಬಫರ್ ಮೀರುವುದನ್ನು ತಪಾಸಿಸುವ ಕಂಪೈಲ್ ಆಯ್ಕೆ) ಹಾಕಿ ಕಂಪೈಲ್ ಮಾಡಿದ ಬೈನರಿಯಲ್ಲಿ ಡೇಟಾ ಓದುವ ರೀಡ್, ರೆಕ್ವ್ ಬದಲು __ರೀಡ್_ಸಿಎಚ್‌ಕೆ, __ರೆಕ್ವ್_ಸಿಎಚ್‌ಕೆ ಎಂಬ ಹೆಸರುಗಳು ಇರಬಹುದು. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ, ವಾರಗಟ್ಟಲೆ ಫಝಿಂಗ್ ಇದೊಂದರಿಂದ ವ್ಯರ್ಥವಾಗುವುದನ್ನು ನೋಡಿದ್ದೇನೆ.

ಇನ್ನೊಂದು: ಎಲ್‌ಡಿ_ಪ್ರೀಲೋಡ್ ಅನ್ನು ಶೆಲ್‌ನಲ್ಲಿ ನೇರ ಕೊಡಬೇಡಿ, ಅದು ಎಎಫ್‌ಎಲ್-ಫಝ್ ಪ್ರೋಗ್ರಾಂಗೂ ಅಂಟಿಕೊಳ್ಳುತ್ತದೆ. ಎಎಫ್‌ಎಲ್_ಪ್ರೀಲೋಡ್ ಬಳಸಿ. ಆಗ ಲೈಬ್ರರಿ ಟಾರ್ಗೆಟ್‌ಗೆ ಮಾತ್ರ ಹೋಗುತ್ತದೆ.

ಸೆಕ್ಯುರಿಟಿ ಓದುತ್ತಿರುವ ವಿದ್ಯಾರ್ಥಿನಿ:
ಮೇಲಿನವರ ಮಾತಿಗೆ ಸೇರಿಸ್ತೀನಿ. ಸರ್ವರ್ ಇಪೋಲ್ (ಯಾವ ಕನೆಕ್ಷನ್‌ನಲ್ಲಿ ಡೇಟಾ ಬಂತು ಅಂತ ತಿಳಿಸೋ ಲಿನಕ್ಸ್ ಸೌಲಭ್ಯ) ಬಳಸುತ್ತಾ ಅಂತಲೂ ನೋಡಿ ಸರ್. ಆಕ್ಸೆಪ್ಟ್ ಕರೆದಾಗ ಸ್ಟ್ಯಾಂಡರ್ಡ್ ಇನ್‌ಪುಟ್‌ನದೇ ನಕಲು ಕೊಡೋ ಲೈಬ್ರರಿಗಳಲ್ಲಿ ಎರಡು ತೊಂದರೆ ಇದೆ. ಎಎಫ್‌ಎಲ್ ಕೊಡೋ ಇನ್‌ಪುಟ್ ಸಾಮಾನ್ಯ ಫೈಲ್, ಅದನ್ನ ಇಪೋಲ್‌ಗೆ ಸೇರಿಸೋಕೆ ಹೋದ್ರೆ ಲಿನಕ್ಸ್ ಕರ್ನಲ್ ಇಪರ್ಮ್, ಅಂದ್ರೆ ಇದಕ್ಕೆ ಅನುಮತಿ ಇಲ್ಲ ಅನ್ನೋ ದೋಷ ಕೊಡುತ್ತೆ. ಅದರ ಮೇಲೆ ರೆಕ್ವ್ ಕರೆದ್ರೆ ಇನಾಟ್‌ಸಾಕ್, ಅಂದ್ರೆ ಇದು ಸಾಕೆಟ್ಟೇ ಅಲ್ಲ ಅನ್ನೋ ಉತ್ತರ. ಎರಡೂ ಸಲ ಸರ್ವರ್ ಶಾಂತವಾಗಿ ಕನೆಕ್ಷನ್ ಮುಚ್ಚುತ್ತೆ, ಇನ್‌ಪುಟ್ ಬಿಡಿಸಿ ಓದೋ ಪಾರ್ಸರ್ ತನಕ ಒಂದು ಬೈಟೂ ತಲುಪಲ್ಲ. ಸಿಸ್ಟಮ್ ಕರೆಗಳನ್ನ ತೋರಿಸೋ ಎಸ್‌ಟ್ರೇಸ್ ಹಾಕಿದ್ರೆ ಕ್ಷಣದಲ್ಲಿ ಗೊತ್ತಾಗುತ್ತೆ.

ಪ್ರೀನಿ ಅನ್ನೋ ಪ್ರೀಲೋಡ್ ಲೈಬ್ರರಿಗಳ ಸಂಗ್ರಹದಲ್ಲಿರೋ ಡಿಸಾಕ್, ಸಾಕೆಟ್ ಜೋಡಿ ಮತ್ತು ಥ್ರೆಡ್ ಬಳಸಿ ಇದನ್ನ ದಾಟುತ್ತೆ, ಆದ್ರೆ ಥ್ರೆಡ್ ಕಾರಣ ನಿಧಾನ. ಜರ್ಮನಿಯ ಸಂಶೋಧನಾ ಸಂಸ್ಥೆ ಫ್ರೌನ್‌ಹೋಫರ್ ಎಫ್‌ಕೆಐಇಯವರ ಲಿಬ್‌ಡಿಸಾಕ್ ಇಪೋಲ್, ಪೋಲ್, ಸೆಲೆಕ್ಟ್ ಎಲ್ಲಾನೂ ತಾನೇ ಅನುಕರಿಸುತ್ತೆ. ಈಗ ಹೊಸದಾಗಿ ಶುರು ಮಾಡೋರಿಗೆ ನಾನು ಅದನ್ನೇ ಹೇಳೋದು.

ಪ್ರೀನಿಯ ಉಳಿದ ತುಂಡುಗಳೂ ಉಪಯೋಗಕ್ಕೆ ಬರುತ್ತೆ: ಅಲಾರ್ಮ್ ನಿಲ್ಲಿಸೋಕೆ ಡಿಅಲಾರ್ಮ್, ಕಾಯೋದನ್ನ ತಪ್ಪಿಸೋಕೆ ಡಿಸ್ಲೀಪ್. ಪ್ರತಿ ಕನೆಕ್ಷನ್‌ಗೂ ಫೋರ್ಕ್ ಮಾಡೋ, ಅಂದ್ರೆ ಹೊಸ ಮಗು ಪ್ರೋಸೆಸ್ ಹುಟ್ಟಿಸೋ ಸರ್ವರ್ ಆದ್ರೆ ಡಿಫೋರ್ಕ್ ಬೇಕೇ ಬೇಕು. ಮಗು ಪ್ರೋಸೆಸ್ ಸತ್ತರೂ ತಾಯಿ ಪ್ರೋಸೆಸ್ ಚೆನ್ನಾಗೇ ಇರುತ್ತೆ, ಎಎಫ್‌ಎಲ್ ನೋಡೋದು ತಾಯಿಯನ್ನ ಮಾತ್ರ.

ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಬೈಂಡಿಂಗ್ಸ್ ನೋಡಿದೆ, ಆಕ್ಸೆಪ್ಟ್4 ನೇರ ಲಿಬ್‌ಸಿಗೇ ಹೋಗುತ್ತಿತ್ತು. ಅದನ್ನು ನಾನೇ ಬರೆದು ಸೇರಿಸಿದೆ. ಈಗ ಪಾತ್‌ಗಳು ಸಿಗುತ್ತಿವೆ, ಆದರೆ ಪ್ರತಿ ರನ್ನೂ ಟೈಮ್‌ಔಟ್‌ವರೆಗೆ ಎಳೆಯುತ್ತಿದೆ. ಸ್ಟೆಬಿಲಿಟಿಯೂ (ಅದೇ ಇನ್‌ಪುಟ್ ಪ್ರತಿ ಸಲ ಅದೇ ದಾರಿ ಹಿಡಿಯುವ ಪ್ರಮಾಣ) ಕಡಿಮೆ.

ಫರ್ಮ್‌ವೇರ್ ಟೆಸ್ಟಿಂಗ್‌ನಲ್ಲಿರುವವರು:
ಸರ್ವರ್ ಮೊದಲ ಕನೆಕ್ಷನ್ ಮುಗಿಸಿ ಮತ್ತೆ ಆಕ್ಸೆಪ್ಟ್ ಕರೆದು ಕಾಯುತ್ತಿದೆ. ನಿಮ್ಮ ಆಕ್ಸೆಪ್ಟ್4 ಒಳಗೆ ಒಂದು ಎಣಿಕೆ ಇಡಿ, ಎರಡನೇ ಸಲ ಕರೆದ ಕೂಡಲೇ _ಎಕ್ಸಿಟ್ ಮಾಡಿ. ಕೋಡ್‌ನ ಯಾವ ಭಾಗ ಓಡಿತು ಅನ್ನುವ ಕವರೇಜ್ ಮಾಹಿತಿ ಹಂಚಿಕೊಂಡ ಮೆಮೊರಿಯಲ್ಲಿ ಇರುವುದರಿಂದ ಅದು ಕಳೆದುಹೋಗುವುದಿಲ್ಲ. ವೇಗದ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಸ್ಟೆಬಿಲಿಟಿಗೆ ಸಮಯ ಮತ್ತು ರ‍್ಯಾಂಡಮ್ ಸಂಖ್ಯೆಗಳನ್ನು ಸ್ಥಿರ ಮಾಡಿ. ಸೆಷನ್ ಐಡಿ ಪ್ರತಿ ರನ್‌ಗೂ ಬದಲಾದರೆ ಅದೇ ಇನ್‌ಪುಟ್ ಬೇರೆ ಬೇರೆ ದಾರಿ ಹಿಡಿಯುತ್ತದೆ. ಪ್ರೀನಿಯಲ್ಲಿ ಡಿರ‍್ಯಾಂಡ್ ಇದೆ, ಆದರೆ ಸರ್ವರ್ ಡೆವ್‌ಯುರ‍್ಯಾಂಡಮ್ ಎಂಬ ಲಿನಕ್ಸ್ ಫೈಲಿನಿಂದ ಸಂಖ್ಯೆ ಓದುತ್ತಿದ್ದರೆ ಅದಕ್ಕೆ ಬೇರೆ ಹುಕ್ ಬೇಕು. ಅಸಲಿ ಫಂಕ್ಷನ್ ಕೂಡ ಕರೆಯಬೇಕಾದ ಕಡೆ, ಹೆಸರಿನಿಂದ ಫಂಕ್ಷನ್ ವಿಳಾಸ ಹುಡುಕುವ ಡಿಎಲ್‌ಸಿಮ್‌ಗೆ ಆರ್‌ಟಿಎಲ್‌ಡಿ_ನೆಕ್ಸ್ಟ್ ಕೊಟ್ಟು ಪಡೆಯಿರಿ. ಸರ್ವರ್‌ನ ಒಳಗಿನ ಸ್ಟ್ಯಾಟಿಕ್ ಫಂಕ್ಷನ್‌ಗಳನ್ನು ಈ ದಾರಿಯಲ್ಲಿ ಹಿಡಿಯಲು ಆಗುವುದಿಲ್ಲ. ಡೇಟಾ ಕೆಟ್ಟಿಲ್ಲವೆಂದು ನೋಡುವ ಚೆಕ್‌ಸಮ್ ತಪಾಸಣೆ ಅಲ್ಲೇ ಕೂತಿದ್ದರೆ ಮತ್ತೆ ತಂಡದವರ ಹತ್ತಿರ ಮಾತಾಡಬೇಕಾಗುತ್ತದೆ.

ಲಿನಕ್ಸ್ ಪ್ಯಾಕೇಜ್ ನೋಡಿಕೊಳ್ಳುವವರು:
ಮೆಮೊರಿ ದೋಷ ಹಿಡಿಯುವ ವಿಷಯ ಯಾರೂ ಎತ್ತಲಿಲ್ಲ. ಸೋರ್ಸ್ ತಿದ್ದಬಾರದು ಅಂದರೂ ಮತ್ತೆ ಕಂಪೈಲ್ ಮಾಡಬಹುದು ಅಂತಾದರೆ ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ ಅಡ್ರೆಸ್ ಸ್ಯಾನಿಟೈಸರ್ ಹಾಕಿ, ಅದಕ್ಕಿಂತ ಒಳ್ಳೆಯದು ಇಲ್ಲ. ಆಗದಿದ್ದರೆ ಎಎಫ್‌ಎಲ್ ಜೊತೆಗೇ ಬರುವ ಲಿಬ್‌ಡಿಸ್ಲೊಕೇಟರ್ ಇದೆ. ಅದು ಮೆಮೊರಿ ಕೊಡುವ ಮ್ಯಾಲಕ್ ಜಾಗದಲ್ಲಿ ಕೂತು, ಪ್ರತಿ ಬಫರ್‌ನ ಕೊನೆಯನ್ನು ಮುಟ್ಟಲಾಗದ ಪುಟಕ್ಕೆ ತಾಗಿಸಿ ಇಡುತ್ತದೆ. ಒಂದು ಬೈಟ್ ಆಚೆ ಓದಿದರೂ ಅಲ್ಲೇ ಕ್ರ್ಯಾಶ್. ಫ್ರೀ ಮಾಡಿದ ಜಾಗವನ್ನು ಮರುಬಳಸದೆ ಬೀಗ ಹಾಕುತ್ತದೆ, ಬಫರ್ ಗಾತ್ರ ಬದಲಿಸುವ ರೀಅಲಾಕ್ ಪ್ರತಿ ಸಲವೂ ಹೊಸ ವಿಳಾಸ ಕೊಡುತ್ತದೆ. ಸ್ಯಾನಿಟೈಸರ್, ಲಿಬ್‌ಡಿಸ್ಲೊಕೇಟರ್ ಎರಡನ್ನೂ ಒಟ್ಟಿಗೆ ಹಾಕಬೇಡಿ, ಯಾವುದಾದರೂ ಒಂದು.

ಬೆಲೆಯೂ ಇದೆ. ಹದಿನಾರು ಬೈಟ್ ಕೇಳಿದರೂ ಪುಟಗಳ ಲೆಕ್ಕದಲ್ಲಿ ಮೆಮೊರಿ ಹೋಗುತ್ತದೆ. ಬಫರನ್ನು ಕೊನೆಗೆ ಒತ್ತಿ ಇಡುವುದರಿಂದ ಅದರ ಆರಂಭ ಅಲೈನ್ ಆಗಿ (ನಿಗದಿತ ಗುಣಕದ ವಿಳಾಸದಲ್ಲಿ) ಇಲ್ಲದಿರಬಹುದು. ಪ್ರೊಸೆಸರ್‌ನ ಎಸ್‌ಎಸ್‌ಇ ಸೂಚನೆ ಬಳಸುವ ಕೋಡ್ ಸುಮ್ಮನೆ ಬೀಳಬಹುದು, ಅದು ಸರ್ವರ್‌ನ ತಪ್ಪಲ್ಲ. ಎಎಫ್‌ಎಲ್_ಅಲೈನ್ಡ್_ಅಲಾಕ್‌ಗೆ 1 ಕೊಟ್ಟರೆ ಸರಿಹೋಗುತ್ತದೆ, ಬದಲಿಗೆ ಬಫರ್ ಕೊನೆಯ ಕೆಲವು ಬೈಟ್‌ಗಳ ಮೇಲಿನ ಕಣ್ಗಾವಲು ಸಡಿಲವಾಗುತ್ತದೆ.

ಸೆಕ್ಯುರಿಟಿ ಓದುತ್ತಿರುವ ವಿದ್ಯಾರ್ಥಿನಿ:
ಪ್ರೋಟೋಕಾಲ್‌ನಲ್ಲಿ ಕಮಾಂಡ್ ಪದಗಳಿದ್ರೆ ಲಿಬ್‌ಟೋಕನ್‌ಕ್ಯಾಪ್ ಕೂಡ ನೋಡಿ ಸರ್. ಹೋಲಿಕೆ ಮಾಡೋ ಎಸ್‌ಟಿಆರ್‌ಸಿಎಂಪಿ, ಮೆಮ್‌ಸಿಎಂಪಿ ಕರೆಗಳಿಂದ ಪದ ಹೆಕ್ಕಿ ಡಿಕ್ಷನರಿ (ಫಝರ್ ಇನ್‌ಪುಟ್‌ನಲ್ಲಿ ಸೇರಿಸೋ ಪದಗಳ ಪಟ್ಟಿ) ಮಾಡಿಕೊಡುತ್ತೆ. ಫಝರ್‌ಗೆ ಶುರುವಿನಲ್ಲಿ ಕೊಡೋ ಸೀಡ್ ಫೈಲ್‌ಗಳ ಮೇಲೆ ಓಡಿಸಿದ್ರೆ ಸಾಕು.

ಕೇಳಿದವರು:
ಒಂದು ಕ್ರ್ಯಾಶ್ ಸಿಕ್ಕಿದೆ! ತಂಡಕ್ಕೆ ಹೀಗೇ ಕಳಿಸಲೇ?

ಲಿನಕ್ಸ್ ಪ್ಯಾಕೇಜ್ ನೋಡಿಕೊಳ್ಳುವವರು:
ಖುಷಿಯಾಯಿತು! ಕಳಿಸುವ ಮೊದಲು ಯಾವ ಪ್ರೀಲೋಡ್ ಕೂಡ ಇಲ್ಲದೆ ಸರ್ವರ್ ಶುರು ಮಾಡಿ, ಆ ಫೈಲನ್ನು ನೆಟ್‌ಕ್ಯಾಟ್‌ನಿಂದ ನಿಜವಾದ ಪೋರ್ಟ್‌ಗೆ ಕಳಿಸಿ. ಬಿದ್ದರೆ ಅದೇ ಸಾಕ್ಷಿ. ಬೀಳದಿದ್ದರೆ ದೋಷ ಇಲ್ಲ ಅಂತ ಆಗಲೇ ತೀರ್ಮಾನಿಸಬೇಡಿ, ಒಂದು ಬೈಟ್ ಆಚೆ ಓದುವುದು ಮಾಮೂಲಿ ಮ್ಯಾಲಕ್‌ನಲ್ಲಿ ಕಾಣುವುದೇ ಇಲ್ಲ. ಪ್ರತ್ಯೇಕವಾಗಿ ಸ್ಯಾನಿಟೈಸರ್ ಬಿಲ್ಡ್ ಮಾಡಿ ಅದಕ್ಕೆ ಅದೇ ಫೈಲ್ ಕಳಿಸಿ. ವರದಿಯಲ್ಲಿ ಫೈಲ್, ಸ್ಟ್ಯಾಕ್ ಟ್ರೇಸ್ ಎರಡನ್ನೂ ಇಡಿ, ಯಾವ ಹುಕ್ ಇದ್ದಾಗ ಸಿಕ್ಕಿತು ಅನ್ನುವುದನ್ನೂ ಬರೆಯಿರಿ. ಸೋರ್ಸ್ ಮುಟ್ಟಬೇಡಿ ಅಂದವರು ಅದನ್ನೇ ಮೊದಲು ಕೇಳುತ್ತಾರೆ.