ಸಹಾಯ ಬೇಕು: ಜೀಪಿನ ಗೇರ್‌ಬಾಕ್ಸ್ ಬದಲಾಯಿತು, ಶಾಫ್ಟ್ ಉದ್ದ ಎಷ್ಟು ಇಡಲಿ?

ನಮಸ್ಕಾರ, ನಾನು ಬೆಳಗಾವಿಯವನು. ಅಪ್ಪನ ಕಾಲದ ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ನಾಲ್ಕು ಗೇರಿನ ಬಾಕ್ಸ್ ತೆಗೆಸಿ ಐದು ಗೇರಿನದು ಕೂರಿಸಿದ್ದೇನೆ. ಹೊಸದು 65 ಮಿ.ಮೀ. ಜಾಸ್ತಿ ಉದ್ದ. ಅದರ ಹಿಂದೆ ಕೂತು ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಅಷ್ಟೇ ಹಿಂದಕ್ಕೆ ಸರಿಯಿತು. ಅಂದ್ರೆ ಅಲ್ಲಿಂದ ಆಕ್ಸಲ್‌ಗೆ ಹೋಗುವ ಶಾಫ್ಟ್‌ಗಳಲ್ಲಿ ಹಿಂದಿನದು ಗಿಡ್ಡ ಆಗಬೇಕು, ಮುಂದಿನದು ಉದ್ದ ಆಗಬೇಕು, ಅಲ್ವಾ?

ಇಲ್ಲೇ ಎಡವಟ್ಟಾಯಿತು. ಮೇಸ್ತ್ರಿ ಗಾಡಿಯ ಚಾಸಿ ಎತ್ತಿ, ಆಕ್ಸಲ್ ಜೋತಾಡುತ್ತಿರುವಾಗಲೇ ಟೇಪ್ ಹಿಡಿದ. ನಾನೂ ಪಕ್ಕದಲ್ಲೇ ಚಹಾ ಕುಡಿಯುತ್ತಾ ಸುಮ್ನೆ ನಿಂತಿದ್ದೆ. ಜೋತಾಗ ಅಳತೆ ಜಾಸ್ತಿ ಬಂತು, ಹಾಗಾಗಿ ಈಗ ಹಿಂದಿನ ಶಾಫ್ಟ್ ಬೇಕಾದ್ದಕ್ಕಿಂತ ಉದ್ದವಾಗಿದೆ. ಚೋರ್ಲಾ ಘಾಟಿನ ದಾರಿಯಲ್ಲಿ ಗುಂಡಿಗೆ ಇಳಿದಾಗ ಸ್ಪ್ಲೈನ್ (ಶಾಫ್ಟಿನಲ್ಲಿ ಒಳಗೆ ಹೊರಗೆ ಜಾರುವ ಹಲ್ಲಿನ ಜೋಡಣೆ) ತಳ ಮುಟ್ಟಿ ಧಡ್ ಅನ್ನುತ್ತದೆ. ಹೀಗೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿನ ಬೇರಿಂಗ್ ಹೋಗುತ್ತದೆ ಅಂತ ಗಾಡಿ ನಿಲ್ಲಿಸಿದ್ದೇನೆ.

ಈ ಸಲ ನಾಲ್ಕೂ ಚಕ್ರ ನೆಲದ ಮೇಲಿಟ್ಟು, ಶಾಫ್ಟ್ ಬೋಲ್ಟ್ ಆಗುವ ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ ನಾನೇ ಅಳೆಯುತ್ತೇನೆ. ಸ್ಪ್ಲೈನ್ ಪೂರ್ತಿ ಒಳಗೆ ತಳ್ಳಿ 25 ಮಿ.ಮೀ. ಹೊರಗೆಳೆದು ಇಡೋಣ ಅಂದುಕೊಂಡಿದ್ದೇನೆ. ಪಟ್ಟಾ ಸ್ಪ್ರಿಂಗಿನ ಗಾಡಿಗೆ ಅಷ್ಟು ಸಾಕಾ? ಆಕ್ಸಲ್ ಕೆಳಗೆ ಜೋತಾಗ ಸ್ಪ್ಲೈನ್ ಹಿಡಿತ ಕಡಿಮೆ ಆಗುವ ಭಯವೂ ಇದೆ.

ಇನ್ನೊಂದು. ಶಾಫ್ಟ್ ಗಿಡ್ಡ ಆದಷ್ಟೂ ಅದರ ತುದಿಯ ಕೀಲಾದ ಕ್ರಾಸ್‌ನ ಕೋನ ಜಾಸ್ತಿ ಆಗುತ್ತದೆ. ಆಕ್ಸಲ್‌ನಲ್ಲಿ ಶಾಫ್ಟ್ ಸೇರುವ ಪಿನಿಯನ್ ಎತ್ತಲು ಸ್ಪ್ರಿಂಗಿನ ಕೆಳಗೆ ಆಪು (ಬೆಣೆ) ಇಡಬೇಕಾ, ಅಥವಾ ಗೇರ್‌ಬಾಕ್ಸ್ ಮೌಂಟ್ ಸ್ವಲ್ಪ ತಗ್ಗಿಸಿದರೆ ಆಗುತ್ತದಾ?

ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಕಡೆ ಶಾಫ್ಟಿನ ಪೈಪ್ ಕತ್ತರಿಸಿ, ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿಗೆ ತಂದು ವೆಲ್ಡ್ ಮಾಡಿ, ಮಷಿನ್ ಮೇಲೆ ಬ್ಯಾಲೆನ್ಸ್ ಕೂಡ ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ. ಬರೀ ವೆಲ್ಡಿಂಗ್‌ನವರು ಬೇಡ, ಒಂದು ಪಾಠ ಸಾಕಾಗಿದೆ.