ಹತ್ತು ನಿಮಿಷ ಆದ ಮೇಲೆ ನಡೆಯುತ್ತಾನಲ್ಲ?

ಚಿಕ್ಕಪ್ಪ: ಈ ವಿಡಿಯೋ ಎಲ್ಲರೂ ನೋಡಿ. ನೋವು ಬಂತು ಅಂತ ವ್ಯಾಯಾಮ ನಿಲ್ಲಿಸಬಾರದು. ಸುಧಾ, ನಿನ್ನ ಮಗ ನಿಖಿಲನಿಗೂ ತೋರಿಸು.

ಸುಧಾ: ಬೇಡ ಚಿಕ್ಕಪ್ಪ. ಅವನಿಗೆ ಮೆಕಾರ್ಡಲ್ ಅನ್ನುವ ಸ್ನಾಯುವಿನ ಕಾಯಿಲೆ ಇದೆ ಅಂತ ಹೇಳಿದ್ದೆನಲ್ಲ.

ಚಿಕ್ಕಪ್ಪ: ಕಾಯಿಲೆ ಅಂದರೆ ಯಾವಾಗಲೂ ಇರಬೇಕಲ್ವಾ? ಭಾನುವಾರ ಲಾಲ್‌ಬಾಗ್‌ನಲ್ಲಿ ನಾನೇ ನೋಡಿದೆ. ಬಂಡೆ ಹತ್ತುವಾಗ ಅರ್ಧಕ್ಕೇ ಕೂತ. ಆಮೇಲೆ ಕೆರೆ ಸುತ್ತುವಾಗ ನಮಗಿಂತ ಮುಂದಿದ್ದ. ಮನಸ್ಸು ಮಾಡಿದರೆ ಆಗುತ್ತದೆ.

ಸುಧಾ: ನೀವು ನೋಡಿದ್ದೇ ಈ ಕಾಯಿಲೆಯ ಗುರುತು. ಸ್ನಾಯುವಿನಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಶುರುವಿನ ಕೆಲವು ನಿಮಿಷ, ಏರು ಹತ್ತುವಾಗ, ಭಾರ ಎತ್ತುವಾಗ ಸ್ನಾಯುವಿಗೆ ಅದೇ ಬೇಕು. ಅದನ್ನು ಒಡೆಯುವ ಫಾಸ್ಫೊರಿಲೇಸ್ ಕಿಣ್ವ ನಿಖಿಲನ ಸ್ನಾಯುಗಳಲ್ಲಿ ಇಲ್ಲ. ಉಗ್ರಾಣ ತುಂಬಿದೆ, ಬೀಗದ ಕೈ ಇಲ್ಲ. 8–10 ನಿಮಿಷ ಮೆಲ್ಲಗೆ ನಡೆದರೆ ರಕ್ತದಿಂದ ಗ್ಲೂಕೋಸ್, ಕೊಬ್ಬು ಜಾಸ್ತಿ ಬಂದು ಸೇರುತ್ತದೆ. ಎದೆಬಡಿತ ಇಳಿಯುತ್ತದೆ, ನಡಿಗೆ ಹಗುರವಾಗುತ್ತದೆ. ಡಾಕ್ಟರು ಇದಕ್ಕೆ ಸೆಕೆಂಡ್ ವಿಂಡ್ ಅನ್ನುತ್ತಾರೆ.

ಪದ್ಮತ್ತೆ: ಹಾಗಿದ್ದರೆ ಆ ಹತ್ತು ನಿಮಿಷ ಹಲ್ಲು ಕಚ್ಚಿ ತಡೆದುಕೊಂಡರೆ ಆಯಿತಲ್ಲ?

ಸುಧಾ: ಅತ್ತೆ, ಹೋದ ವರ್ಷ ಹಾಗೇ ತಡೆದುಕೊಂಡ. ಶಾಲೆಯ ಪಿಟಿ ಕ್ಲಾಸಿನಲ್ಲಿ ತೊಡೆ ಹಿಡಿದುಕೊಂಡರೂ ಬಸ್ಕಿ ನಿಲ್ಲಿಸಲು ಬಿಡಲಿಲ್ಲ. ಸಂಜೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಹೊರಗೆ ಬಂದಿತ್ತು. ಅದರಿಂದ ಕಿಡ್ನಿಯೇ ಕೈಕೊಡಬಹುದು. ಮೂರು ದಿನ ಡ್ರಿಪ್ ಹಾಕಿದರು. ಆ ಮೂರು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ನೋವು ಬಂದರೆ ನಿಲ್ಲಿಸು ಅಂತ ಅವನಿಗೆ ಕಲಿಸುವುದಕ್ಕೇ ನನಗೆ ಒಂದು ವರ್ಷ ಬೇಕಾಯಿತು. ಅದಕ್ಕೇ ಈ ವಿಡಿಯೋ ಕಂಡರೆ ಭಯ.

ಪದ್ಮತ್ತೆ: ಇದು ಯಾರ ಕಡೆಯಿಂದ ಬಂತೋ.

ಸುಧಾ: ಇಬ್ಬರ ಕಡೆಯಿಂದಲೂ. ನನ್ನದೊಂದು ಕೆಟ್ಟ ಜೀನ್, ಅವನ ಅಪ್ಪನದೊಂದು. ಒಂದೊಂದೇ ಇರುವುದರಿಂದ ನಮಗಿಬ್ಬರಿಗೂ ಏನೂ ತೊಂದರೆ ಇಲ್ಲ.

ಚಿಕ್ಕಪ್ಪ: ಹೊರಡುವ ಮೊದಲು ಗ್ಲೂಕೋಸ್ ಕುಡಿಸಿದರೆ?

ಸುಧಾ: ಇವನಿಗೆ ಸ್ವಲ್ಪ ಹೊತ್ತು ಸಹಾಯ ಆಗುತ್ತದೆ, ಡಾಕ್ಟರೇ ಹೇಳಿದ್ದಾರೆ. ಆದರೆ ಸುಮ್ನೆ ಎಲ್ಲರಿಗೂ ಹೇಳಬೇಡಿ. ತರುಯಿ ಅಂತ ಇದರದೇ ಜಾತಿಯ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಅಡ್ಡಿ ಇರುವುದು ಸಕ್ಕರೆ ಒಡೆಯುವ ಇನ್ನೂ ಮುಂದಿನ ಹಂತದಲ್ಲಿ. ರಕ್ತದ ಗ್ಲೂಕೋಸ್ ಕೂಡ ಉರಿಯುವುದಿಲ್ಲ. ಸಕ್ಕರೆ ಕೊಟ್ಟರೆ ಸುಸ್ತು ಇನ್ನೂ ಜಾಸ್ತಿ.

ಚಿಕ್ಕಪ್ಪ: ವಿಡಿಯೋ ಬೇರೆಯವರಿಗೆ ಸರಿ ಅಂತಲೇ ನನ್ನ ಅಭಿಪ್ರಾಯ. ನಿಖಿಲನಿಗೆ ತೋರಿಸಬೇಡ. ಈ ಭಾನುವಾರ ಬಂಡೆ ಕಡೆ ಹೋಗುವುದು ಬೇಡ, ಮೊದಲು ಕೆರೆ ಸುತ್ತೋಣ.

ಸುಧಾ: ಮೆಲ್ಲಗೆ ಶುರು ಮಾಡೋಣ. ಏಳು ಗಂಟೆಗೆ ಪಶ್ಚಿಮ ಗೇಟ್ ಹತ್ತಿರ ಇರುತ್ತೇವೆ.