ಕೊನೇ ಸೆಮಿಸ್ಟರ್‌ನವರು ಕೆಲಸಕ್ಕೆ ಅರ್ಜಿಯನ್ನೇ ಹಾಕುತ್ತಿಲ್ಲ, ಏನು ಮಾಡಬಹುದು?

ಮೆಂಟರ್, ಮಂಡ್ಯ:
ನಮಸ್ಕಾರ. ಎಂಎ, ಎಂಎಸ್ಸಿ ಕೊನೇ ಸೆಮಿಸ್ಟರ್ ವಿದ್ಯಾರ್ಥಿಗಳ ಮೆಂಟರಿಂಗ್ ನನ್ನ ಪಾಲಿಗಿದೆ. ವೃತ್ತಿ ಮಾರ್ಗದರ್ಶನ ಶಿಬಿರ ಇಟ್ಟರೆ ಬಂದು ಕೂರುತ್ತಾರೆ, ಆಮೇಲೆ ಬಹುಪಾಲು ಜನ ಅರ್ಜಿ ಹಾಕುವುದಿಲ್ಲ. ಕೇಳಿದರೆ "ಹಾಕುದ್ರೆ ತಾನೆ ಏನಾದದು ಸಾ" ಅಂತಾರೆ. ಇದನ್ನು ಸೋಮಾರಿತನ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಶಿಬಿರ ಹೆಚ್ಚಿಸಬೇಕೇ, ಬೇರೆ ದಾರಿ ಇದೆಯೇ?

ಆಪ್ತಸಮಾಲೋಚಕಿ, ಮೈಸೂರು:
ಶಿಬಿರ ಹೆಚ್ಚಿಸಬೇಡಿ ಸರ್. ಮನಶ್ಶಾಸ್ತ್ರಜ್ಞ ಸ್ನೈಡರ್ ಪ್ರಕಾರ ಭರವಸೆಗೆ ಎರಡು ಭಾಗ: ದಾರಿ ಕಾಣುವುದು ಮತ್ತು ಆ ದಾರಿಯಲ್ಲಿ ನಾನು ನಡೆಯಬಲ್ಲೆ ಅನ್ನಿಸುವುದು. ಶಿಬಿರ ಕೊಡುವುದು ಮೊದಲನೆಯದನ್ನು. ಎರಡನೆಯದು ಹುಟ್ಟಬೇಕಾದರೆ ಸಣ್ಣದೊಂದು ಕೆಲಸ ಕೈಯಿಂದ ಮುಗಿಯಬೇಕು.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ. ಸಾಮಾಜಿಕ ಬೆಂಬಲ ಅಳೆಯುವ ಜಿಮೆಟ್ ಮಾಪನದಲ್ಲಿ 12 ಹೇಳಿಕೆಗಳಿವೆ. ಮನೆಯವರು, ಸ್ನೇಹಿತರು, ಆಪ್ತರೊಬ್ಬರು ಅಂತ ತಲಾ 4. ಅದನ್ನು ತುಂಬಿಸಿದರೆ ಯಾವ ಕಡೆಯ ಬೆಂಬಲ ಬರಿದಾಗಿದೆ ಅನ್ನುವುದು ತಿಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಪ್ರೀತಿಗೇನೂ ಕಮ್ಮಿಯಿಲ್ಲ, ಆದರೆ ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ನೆಟ್ ಅಂದರೇನು, ಕೆಸೆಟ್ ಅಂದರೇನು ಅಂತ ಹೇಳಿಕೊಡುವವರಿಲ್ಲ. "ಕೆಲಸ ಯಾವಾಗಪ್ಪ?" ಅಂತ ಅಕ್ಕರೆಯಿಂದ ಕೇಳಿದ್ದೇ ಚುಚ್ಚುತ್ತದೆ, ಹುಡುಗ ಊರಿಗೆ ಹೋಗುವುದನ್ನೇ ಕಡಿಮೆ ಮಾಡುತ್ತಾನೆ, ಇದ್ದ ಆಸರೆಯೂ ದೂರವಾಗುತ್ತದೆ.

ಮನೋವೈದ್ಯ ಬೆಕ್ ಅವರ 20 ಹೇಳಿಕೆಗಳ ಹತಾಶೆ ಮಾಪನವನ್ನು ತರಗತಿಯಲ್ಲಿ ಹಂಚಬೇಡಿ. ಅದರಲ್ಲಿ 9 ಅಥವಾ ಹೆಚ್ಚು ಅಂಕ ಬಂದರೆ ಆತ್ಮಹತ್ಯೆಯ ಅಪಾಯವನ್ನೂ ವಿಚಾರಿಸಬೇಕಾಗುತ್ತದೆ, ಅದಕ್ಕೆ ತರಬೇತಾದವರು ಬೇಕು. ಬದುಕೇ ಬೇಡ ಅನ್ನುವ ಮಾತು ಬಂದರೆ "ಸಾಯುವ ಯೋಚನೆ ಬರುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಜೊತೆಯಲ್ಲಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು.

ಪ್ಲೇಸ್‌ಮೆಂಟ್ ವಿಭಾಗ, ಮೈಸೂರು:
ಮೇಡಂ ಹೇಳಿದ ಸಣ್ಣ ಕೆಲಸಕ್ಕೆ ದಾಖಲೆಗಳಿಂದಲೇ ಶುರು ಮಾಡಿ. ಹುಡುಗರು ಕೈಚೆಲ್ಲುವುದು ಬಹಳ ಸಲ ಅಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಮೊಬೈಲ್ ನಂಬರ್ ಬದಲಾಗಿ ಒಟಿಪಿ ಬರುವುದಿಲ್ಲ. ಹೆಸರನ್ನು ಎಸ್ಸೆಸ್ಸೆಲ್ಸಿಗೆ ಹೊಂದುವಂತೆ ಆಧಾರ್‌ನಲ್ಲಿ ತಿದ್ದಿಸಿ.

ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿ, ಬಿಇಒ ಮೇಲುಸಹಿ ಎರಡೂ ಬೇಕು. ಎರಡು ಊರಲ್ಲಿ ಓದಿದ್ದರೆ ಎರಡೂ ಶಾಲೆಗೆ ಅಲೆಯಬೇಕು. ಅಧಿಸೂಚನೆ ಬಂದ ಮೇಲೆ ಹೊರಟರೆ ಕೊನೇ ದಿನಾಂಕ ದಾಟಿರುತ್ತದೆ. ನಾಡಕಚೇರಿ ಕೊಡುವ ರಾಜ್ಯದ ಹಿಂದುಳಿದ ವರ್ಗದ 2ಎ, 3ಎ ಪ್ರಮಾಣಪತ್ರ ನೆಟ್‌ಗೆ ನಡೆಯುವುದಿಲ್ಲ, ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇರೆಯೇ ಮಾಡಿಸಬೇಕು. ಆ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಅಂತ ಮೊದಲು ನೋಡಿಸಿ.

ನಾಲ್ಕು ಜನರ ಗುಂಪು ಮಾಡಿ, ವಾರಕ್ಕೊಂದು ಕೆಲಸ ಕೊಡಿ. ಮೊದಲ ವಾರ ಎಲ್ಲ ದಾಖಲೆ ಸ್ಕ್ಯಾನ್, ಎರಡನೇ ವಾರ ಒಂದು ಪುಟದ ರೆಸ್ಯೂಮೆ, ಮೂರನೇ ವಾರ ಒಂದೇ ಒಂದು ನಿಜವಾದ ಅರ್ಜಿ, ಗುಂಪಿನಲ್ಲೇ ಕೂತು.

ಮೆಂಟರ್, ಮಂಡ್ಯ:
ಗುಂಪನ್ನು ನಾನೇ ಮಾಡಲೇ?

ಆಪ್ತಸಮಾಲೋಚಕಿ, ಮೈಸೂರು:
ಒಬ್ಬ ಸ್ನೇಹಿತನನ್ನು ಅವರೇ ಆರಿಸಲಿ, ಉಳಿದಿಬ್ಬರನ್ನು ನೀವು ಸೇರಿಸಿ. ಪ್ರತಿ ಗುಂಪಿನಲ್ಲೂ ಈಗಾಗಲೇ ಅರ್ಜಿ ಹಾಕಿದವರೊಬ್ಬರು ಇರಲಿ. ಒಂದು ವಾರ ಬಾರದಿದ್ದವನಿಗೆ ಗುಂಪಿನವರೇ ಫೋನ್ ಮಾಡಲಿ, ಎರಡನೇ ವಾರವೂ ಬಾರದಿದ್ದರೆ ನೀವು ಮಾಡಿ. ಆ ಫೋನಿನಲ್ಲಿ ಅರ್ಜಿಯ ಮಾತು ಬೇಡ. ಊಟ, ನಿದ್ದೆ ಹೇಗಿದೆ ಕೇಳಿ.